ಕಲಿಯುವ ಹೊತ್ತಿಗೂ ಕೂಲಿ ಸಿಗಲಿ

ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ಕೂಲಿ ಎಣಿಸುವುದು ಇಳಿದ ಸೀರೆಯ ಮೇಲೆ. ಮಗ್ಗ ಓಡಿದಷ್ಟು ದುಡ್ಡು. ಮಗ್ಗ ನಿಂತರೆ ದುಡ್ಡೂ ನಿಂತಿತು. ಜಕಾರ್ಡಿಗೆ ಹೊಸ ವಿನ್ಯಾಸ ಕೂಡಿಸಿದ ದಿನ, ಎಳೆ ಮೇಲಿಂದ ಮೇಲೆ ಹರಿಯುವ ದಿನ, ಹೊಸ ನೂಲಿನ ಗುಣ ಕೈಗೆ ಹತ್ತುವವರೆಗಿನ ನಾಲ್ಕೆಂಟು ದಿನ ನೇಕಾರ ಎಲ್ಲಕ್ಕಿಂತ ಹೆಚ್ಚು ಕಲಿಯುತ್ತಾನೆ, ಎಲ್ಲಕ್ಕಿಂತ ಕಡಿಮೆ ಗಳಿಸುತ್ತಾನೆ. ಹುಡುಗರಿಗೆ ಹೊಸದನ್ನು ಕಲಿಯುವ ಹುಮ್ಮಸ್ಸಿಲ್ಲ ಎಂದು ಕೊರಗುವ ಮುನ್ನ ಮಾಲಕರು ಕೂಲಿ ಲೆಕ್ಕದ ಪುಸ್ತಕ ತೆರೆದು ನೋಡಬೇಕು. ಕಲಿತವನೇ ದಂಡ ತೆರುವ ಪದ್ಧತಿ ಅಲ್ಲಿದೆ.

ಮಗ್ಗದ ವಿದ್ಯೆ ಮನೆಯಿಂದ ಮನೆಗೆ, ಕೈಯಿಂದ ಕೈಗೆ ಬಂದದ್ದು. ಮಕ್ಕಳು ಮೊದಲು ಕಂಡಿಕೆ ಸುತ್ತುವುದನ್ನು ಕಲಿತು, ಹರಿದ ಎಳೆಗೆ ಗಂಟು ಹಾಕುವುದನ್ನು ಕಲಿತು, ಆಮೇಲೆ ಮಗ್ಗಕ್ಕೆ ಬರುತ್ತಿದ್ದರು. ಮನೆಯ ಮಗ್ಗದಲ್ಲಿ ತಪ್ಪಿದರೆ ತಾಳಿಕೊಳ್ಳಲು ಅಪ್ಪ, ಅಜ್ಜ ಇದ್ದರು. ವಿದ್ಯುತ್ ಮಗ್ಗ ಬಂದು, ದುಡಿಮೆ ಮನೆಯಿಂದ ಶೆಡ್ಡಿಗೆ ಹೋದಾಗ ಆ ತಾಳ್ಮೆ ಹಿಂದೆಯೇ ಉಳಿಯಿತು. ‘ನೋಡ್ಕೋಂತ ಕಲಿ ತಮ್ಮಾ’ ಎಂಬ ಮಾತು ಮಾತ್ರ ಜೊತೆಗೆ ಬಂತು. ಹತ್ತಾರು ಮಗ್ಗಗಳ ರಿಪೇರಿ ಒಬ್ಬ ಜಾಬರನ ಕೈಯಲ್ಲಿರುತ್ತದೆ. ಅವನು ಹೆಚ್ಚಿನ ಪಗಾರಕ್ಕೆ ಬೇರೆ ಊರಿಗೆ ಹೊರಟರೆ ಅವನ ವಿದ್ಯೆಯೂ ಹೊರಟಿತು, ಶೆಡ್ಡು ಬಾಗಿಲು ಹಾಕಿಕೊಂಡು ಕೂತಿತು.

ಇದೇ ಸೀಮೆಯ ಸಕ್ಕರೆ ಕಾರ್ಖಾನೆಗಳ ಕಡೆ ಹೊರಳಿದರೆ ಬೇರೊಂದು ದಾರಿ ಕಾಣುತ್ತದೆ. ಮುಧೋಳದ ನಿರಾಣಿ, ಮಹಾಲಿಂಗಪುರದ ಹತ್ತಿರ ಸಮೀರವಾಡಿಯ ಗೋದಾವರಿ, ಜಮಖಂಡಿ ತಾಲ್ಲೂಕಿನ ಸಿದ್ದಾಪುರದ ಪ್ರಭುಲಿಂಗೇಶ್ವರ, ಬೀಳಗಿ ತಾಲ್ಲೂಕಿನ ಬಾಡಗಂಡಿಯ ಕಾರ್ಖಾನೆ, ಹೀಗೆ ಕೃಷ್ಣಾ-ಘಟಪ್ರಭಾ ದಡದ ಕಬ್ಬು ಸಾವಿರಾರು ಕೈಗಳಿಗೆ ಕೆಲಸ ಕೊಟ್ಟಿದೆ. ಇಲ್ಲಿ ಬಾಯ್ಲರ್ ಮುಂದೆ ನಿಲ್ಲುವವನಿಗೆ ಸರ್ಕಾರದ ಪ್ರಮಾಣಪತ್ರ ಬೇಕು. ಎರಡನೇ ದರ್ಜೆಯ ಪರೀಕ್ಷೆ ಪಾಸಾಗಿ, ಅನುಭವ ಗಳಿಸಿ, ಮೊದಲ ದರ್ಜೆಗೆ ಏರಬಹುದು. ಎಂಜಿನಿಯರಿಂಗ್ ಪದವಿ ಇಲ್ಲದವನಿಗೂ ಮೇಲೇರಲು ಮೆಟ್ಟಿಲು ಕಾಣುತ್ತದೆ. ಕಣ್ಣಿಗೆ ಕಾಣುವ ಮೆಟ್ಟಿಲನ್ನು ಜನ ಹತ್ತುತ್ತಾರೆ.

ಪ್ಯಾನ್‌ಮನ್‌ನ ಕೆಲಸವನ್ನು ನೋಡಿ. ನಿರ್ವಾತದ ಪಾತ್ರೆಯಲ್ಲಿ ಕುದಿಯುವ ಪಾಕದ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ, ಬೆಳಕಿಗೆ ಹಿಡಿದು, ಹರಳು ಎಷ್ಟು ಬೆಳೆದಿದೆ ಎಂದು ಅವನು ಹೇಳುತ್ತಾನೆ. ಎರಡು ಬೆರಳ ನಡುವೆ ಪಾಕ ಎಳೆದು ಹದ ಅಳೆಯುತ್ತಾನೆ. ಅವನ ಅಂದಾಜು ತಪ್ಪಿದರೆ ಹರಳು ಸಣ್ಣದಾಗಿ ಸಕ್ಕರೆಯ ದರ್ಜೆ ಇಳಿಯುತ್ತದೆ. ಈ ಕೈಹದವನ್ನು ವಿದ್ಯೆಯೆಂದು ಒಪ್ಪಿ, 1936ರಲ್ಲಿ ಶುರುವಾದ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಅದಕ್ಕೆಂದೇ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತ ಬಂದಿದೆ. ನಮ್ಮ ಮಗ್ಗಲಲ್ಲೇ, ಬೆಳಗಾವಿಯಲ್ಲಿ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಕಾರ್ಖಾನೆಗೆ ಹಲವು ತಿಂಗಳ ಬಿಡುವು. ಯಂತ್ರಗಳನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸುವ ಆ ಕಾಲದಲ್ಲಿ ಮನುಷ್ಯರ ಕಲಿಕೆಗೂ ಅಷ್ಟೇ ಅಚ್ಚುಕಟ್ಟಾದ ಯೋಜನೆ ಇರಬೇಕು. ಎಥನಾಲ್ ಘಟಕಗಳು ಬೆಳೆಯುತ್ತಿವೆ, ಕವಾಟ ತಿರುಗಿಸುವ ಕೆಲಸ ಕಂಪ್ಯೂಟರ್ ಪರದೆಗೆ ಬಂದಿದೆ. ಈಗ ಕಲಿಸದಿದ್ದರೆ ಹಳೆಯ ಕೈಗಳನ್ನು ಮೂಲೆಗೆ ಕೂರಿಸಿ, ಹೊರಗಿನವರನ್ನು ಕರೆತರಬೇಕಾಗುತ್ತದೆ.

ಚೆನ್ನಾಗಿ ಕೆಲಸ ಬಲ್ಲವನು ಚೆನ್ನಾಗಿ ಕಲಿಸಬಲ್ಲ ಎಂದೇನೂ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸ ಕೆಲಸಗಾರರು ಗುಂಪುಗುಂಪಾಗಿ ಬಂದಾಗ ಅಲ್ಲಿನ ಸರ್ಕಾರ ಮೇಸ್ತ್ರಿಗಳಿಗೆ ಕಲಿಸುವುದನ್ನೇ ಕಲಿಸಿತು. ಅದರ ಕ್ರಮ ನಾಲ್ಕೇ ಹೆಜ್ಜೆಯದು: ಕಲಿಯುವವನ ಅಂಜಿಕೆ ಕಳೆದು ಅವನಿಗೆ ಈಗಾಗಲೇ ಎಷ್ಟು ಗೊತ್ತು ಎಂದು ಕೇಳುವುದು, ಕೆಲಸವನ್ನು ಬಿಡಿಬಿಡಿಯಾಗಿ, ಕಾರಣ ಹೇಳುತ್ತ ಮಾಡಿ ತೋರಿಸುವುದು, ಅವನ ಕೈಯಿಂದಲೇ ಮಾಡಿಸಿ, ಅವನ ಬಾಯಿಂದಲೇ ಕಾರಣ ಹೇಳಿಸುವುದು, ಒಬ್ಬನನ್ನೇ ಬಿಟ್ಟು ಆಗಾಗ ಬಂದು ನೋಡುವುದು. ಯುದ್ಧ ಮುಗಿದ ಮೇಲೆ ಈ ಕ್ರಮ ಜಪಾನಿಗೆ ಹೋಗಿ ಟೊಯೊಟಾದಂಥ ಕಂಪನಿಗಳಲ್ಲಿ ಬೇರು ಬಿಟ್ಟಿತು. ಅದೇ ಕಂಪನಿ 2007ರಲ್ಲಿ ಬಿಡದಿಯಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ತೆರೆದು ಕರ್ನಾಟಕದ ಹಳ್ಳಿಯ ಮಕ್ಕಳನ್ನು ಸೇರಿಸಿಕೊಂಡಿತು. ಈ ನಾಲ್ಕು ಹೆಜ್ಜೆಗೆ ದೊಡ್ಡ ಕಟ್ಟಡ ಬೇಡ. ಬನಹಟ್ಟಿಯ ಎಂಟು ಮಗ್ಗದ ಶೆಡ್ಡಿನಲ್ಲೂ ಇವು ನಡೆಯುತ್ತವೆ.

ನಾಯಕತ್ವ ಹೇಗೆ ಬೆಳೆಯುತ್ತದೆ ಎಂಬುದಕ್ಕೂ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿ 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ಜಮಖಂಡಿ ಸಂಸ್ಥಾನದ ಮಂತ್ರಿ, ದಿವಾನ. ಸಂಸ್ಥಾನ ವಿಲೀನವಾದ ಮೇಲೆ ಮುಂಬಯಿಯಲ್ಲಿ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿ, ಬಳಿಕ ಉಪಮಂತ್ರಿ. 1958ರಲ್ಲಿ ಮೈಸೂರಿನ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ. ದಿವಾನರಾಗಿದ್ದವರು ಇನ್ನೊಬ್ಬರ ಕೈಕೆಳಗೆ ಕಾರ್ಯದರ್ಶಿಯಾಗಿ ಕಲಿತದ್ದನ್ನು ಗಮನಿಸಬೇಕು. ಸಣ್ಣ ಹೊಣೆ, ಅದರ ಮೇಲೆ ತುಸು ದೊಡ್ಡ ಹೊಣೆ, ಪ್ರತಿ ಹಂತದಲ್ಲೂ ಕಲಿಯಲು ಕಾಲಾವಕಾಶ: ಈ ಕ್ರಮ ಪಾಳಿಯ ಮುಖ್ಯಸ್ಥನನ್ನು ಬೆಳೆಸುವುದಕ್ಕೂ ಸಲ್ಲುತ್ತದೆ. ಹಿರಿಯ ಫಿಟ್ಟರ್ ನಿವೃತ್ತನಾದ ಮರುದಿನ ಯಾರನ್ನೋ ಆ ಜಾಗಕ್ಕೆ ನೂಕುವುದರ ಬದಲು, ಎರಡು ಹಂಗಾಮು ಮೊದಲೇ ವಾರಕ್ಕೊಂದು ಪಾಳಿಯನ್ನು ಕಿರಿಯನಿಗೆ ಒಪ್ಪಿಸಬೇಕು.

ಕಲಿಯಲು ಕಾದಿರುವವರು ಇಲ್ಲಿ ಬೇಕಾದಷ್ಟಿದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿ ಕಡೆಯ ಕುಟುಂಬಗಳ ಮಕ್ಕಳಿಗೆ ಒಕ್ಕಲುತನದ ಆಚೆಗಿನ ಕಸುಬು ಬೇಕು. ಕಂಡಿಕೆ ಸುತ್ತುತ್ತಲೇ ಆಯುಷ್ಯ ಕಳೆಯುವ ಹೆಣ್ಣುಮಕ್ಕಳು ವಿನ್ಯಾಸ, ಬಣ್ಣಗಾರಿಕೆ, ಲೆಕ್ಕ, ಮಾರಾಟ ಕಲಿತರೆ ಶೆಡ್ಡನ್ನೇ ನಡೆಸಬಲ್ಲರು. ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೇ.

ಖರ್ಚು ಯಾರದು ಎಂಬ ಪ್ರಶ್ನೆ ನ್ಯಾಯವಾದದ್ದು. ನೂಲಿನ ದರ ಏರಿಳಿದರೆ ನಡುಗುವ ಸಣ್ಣ ಮಾಲಕ ಒಬ್ಬನೇ ಇದನ್ನು ಹೊರಲಾರ. 1961ರ ಅಪ್ರೆಂಟಿಸ್ ಕಾಯ್ದೆ ಕಲಿಯುವವನಿಗೆ ಭತ್ಯೆ ಸಲ್ಲಬೇಕೆಂದು ಹೇಳುತ್ತದೆ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಯೋಜನೆಯಡಿ ಅದರ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಜವಳಿ ಕಸುಬಿನ ತರಬೇತಿಗೆಂದೇ ‘ಸಮರ್ಥ್’ ಯೋಜನೆ ಬಂದಿದೆ. ಉಳಿದ ಪಾಲನ್ನು ನೇಕಾರರ ಸಹಕಾರಿ ಸಂಘಗಳೂ ಮಾಲಕರ ಸಂಘಗಳೂ ಸೇರಿ ಹಂಚಿಕೊಳ್ಳಬಹುದು.

ಆಗಬೇಕಾದದ್ದು ಮೂರು. ಹೊಸ ವಿನ್ಯಾಸ ಕಲಿಯುವ ದಿನಗಳಿಗೆ ಆ ನೇಕಾರನ ಹಿಂದಿನ ತಿಂಗಳ ಸರಾಸರಿ ಕೂಲಿ ಕೊಡಬೇಕು. ಇಬ್ಬರಿಗೆ ಕಲಿಸಿದ ಜಾಬರನಿಗೆ ಕಲಿಸಿದ್ದಕ್ಕೆಂದೇ ಭತ್ಯೆ ಕೊಡಬೇಕು. ಕಾರ್ಖಾನೆಗಳು ಹಂಗಾಮು ಮುಗಿಯುವ ಮೊದಲೇ, ಬಿಡುವಿನಲ್ಲಿ ಯಾರು ಏನು ಕಲಿಯುತ್ತಾರೆ ಎಂಬ ಪಟ್ಟಿಯನ್ನು ಗೇಟಿನ ಫಲಕದಲ್ಲಿ ಹಾಕಬೇಕು. ಸೀರೆಗೆ ಕೂಲಿ ಕೊಟ್ಟರೆ ಸೀರೆ ಬರುತ್ತದೆ. ಕಲಿಕೆಗೂ ಕೂಲಿ ಕೊಟ್ಟರೆ ನಾಳೆಯ ಸೀರೆ ನೇಯುವವರೂ ಶೆಡ್ಡು ನಡೆಸುವವರೂ ಈ ಊರುಗಳಲ್ಲೇ ತಯಾರಾಗುತ್ತಾರೆ.