ವೀರಗಲ್ಲೂ ಅದು ನಿಂತ ನೆಲವೂ

ಕನ್ನಡನಾಡಿನಲ್ಲಿ ಊರ ಮುಂದೆಯೂ ಕೆರೆಯ ಏರಿಯ ಮೇಲೆಯೂ ಬಿಸಿಲುಮಳೆಗಳಿಗೆ ಮೈಯೊಡ್ಡಿ ನಿಂತ ವೀರಗಲ್ಲುಗಳು ಹೇರಳವಾಗಿವೆ. ಶಾಸನಜ್ಞರು ಇವುಗಳ ಅಕ್ಷರಗಳನ್ನು ಓದುತ್ತಾರೆ. ಶಿಲ್ಪರಸಿಕರು ಕೆಳಗಣ ಕಾಳಗವನ್ನೂ ನಡುವಣ ದೇವಾಂಗನೆಯರನ್ನೂ ಮೇಲಣ ಲಿಂಗಪೂಜೆಯನ್ನೂ ವರ್ಣಿಸುತ್ತಾರೆ. ಕಲ್ಲು ನಿಂತ ನೆಲವೂ ಆ ಕೃತಿಯ ಅಂಗವೆಂಬುದು ಮಾತ್ರ ಹಲವು ವೇಳೆ ಮರೆತುಹೋಗುತ್ತದೆ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಇದರ ಕಾಲ ಶಕವರ್ಷ ೮೭೨, ಎಂದರೆ ಕ್ರಿ. ಶ. ೯೪೯-೫೦. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ಚರಿತ್ರಕಾರರು ಇದನ್ನು ಉದಾಹರಿಸುವುದು ಬಹುಮಟ್ಟಿಗೆ ಅದಕ್ಕಾಗಿಯೇ. ಆದರೆ ಕಲ್ಲು ನೆಟ್ಟದ್ದು ಆ ಅರಸರಿಗಾಗಿಯಲ್ಲ, ಒಂದು ಬೇಟೆನಾಯಿಗಾಗಿ. ಮಣಲೆರನು ತನ್ನ ಶೌರ್ಯಕ್ಕೆ ಮೆಚ್ಚಾಗಿ ಬೂತುಗನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಅದು ಹಿರಿಯ ಹಂದಿಯೊಡನೆ ಸೆಣಸಿ, ಎರಡೂ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ದತ್ತಿಯಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಗಲುವುದೆಂದು ಶಾಪವೂ ಬರೆಯಲ್ಪಟ್ಟಿತು. ಮೊರಡಿ, ಗುಡಿ, ಕೆರೆ, ಗದ್ದೆ—ಊರಿನವನು ಕಲ್ಲಿನ ಮುಂದೆ ನಿಂತೇ ಇವನ್ನು ಗುರುತಿಸಬಲ್ಲವನಾಗಿದ್ದನು.

ಈ ನಂಟು ಮಾತಿನಲ್ಲಿಯೂ ಉಳಿದಿದೆ. ಸತ್ತ ವೀರನ ನಿಮಿತ್ತವಾಗಿ ಕೊಟ್ಟ ಭೂಮಿಗೆ ಹಳಗನ್ನಡದ ಹೆಸರು ‘ಕಲ್ನಾಡು’. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದಾಗ, ಇರುಗನಿಗೆ ಬೆಂಪೂರು ಹನ್ನೆರಡು ಕಲ್ನಾಡಾಗಿ ಸಂದುದನ್ನು ಬೇಗೂರಿನ ಶಾಸನ ತಿಳಿಸುತ್ತದೆ. ಕಲ್ಲನ್ನೂ ಭೂಮಿಯನ್ನೂ ಒಂದೇ ಪದದಲ್ಲಿ ಹೆಣೆದ ಜನರು ಶಿಲ್ಪವನ್ನು ಕೇವಲ ಅಲಂಕಾರವೆಂದು ಎಣಿಸಿರಲಾರರು.

ಆತಕೂರಿನ ಕಲ್ಲೂ ಬೇಗೂರಿನ ಈ ಕಲ್ಲೂ ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಅಕ್ಷರಗಳಿಗೆ ರಕ್ಷಣೆ ದೊರೆತಿದೆ. ಇದನ್ನು ಹಗುರವಾಗಿ ಕಾಣಬಾರದು. ಆದರೆ ‘ಹಿರಿಯ ಕೆರೆ’ ಎಂಬ ಮಾತಿಗೆ ಅಲ್ಲಿ ಕೆರೆಯಿಲ್ಲ. ಬರಹವುಳ್ಳ ಕಲ್ಲು ತನ್ನ ಊರನ್ನು ತಾನೇ ಹೇಳಿಕೊಳ್ಳಬಲ್ಲದು. ಬರಹವಿಲ್ಲದ ಕಲ್ಲುಗಳ ಪಾಡು ಬೇರೆ: ತುರುಗಾಳಗವೋ ಗಡಿಜಗಳವೋ ಎಂಬುದನ್ನು ಊಹಿಸಲು ಶಿಲ್ಪದೊಡನೆ ಅದು ನಿಂತ ಎಡೆಯೂ ಆಧಾರ. ರಸ್ತೆ ಅಗಲಿಸುವಾಗ ಅಂತಹ ಕಲ್ಲನ್ನು ಅತ್ತ ಸರಿಸಿದರೆ ಆ ಆಧಾರ ತಪ್ಪುತ್ತದೆ. ಆದುದರಿಂದ ಕಲ್ಲನ್ನು ಕದಲಿಸುವ ಮುನ್ನ ಅದು ಯಾವ ದಿಕ್ಕಿಗೆ ಮುಖಮಾಡಿತ್ತು, ಸುತ್ತಣ ಹೊಲಗಳಿಗೆ ಊರವರು ಏನೆಂದು ಹೆಸರಿಟ್ಟಿದ್ದಾರೆ ಎಂಬುದನ್ನಾದರೂ ಬರೆದಿಡತಕ್ಕದ್ದು. ಹೊಲದ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ಹಳ್ಳಿಗಳಲ್ಲಿ ಇದ್ದಾರೆ.