ಇರುಳ ಪಾಳಿಯವರ ನಿದ್ರೆ

ಸಂಜೆ ಬಯಸಿದ ಸಾಮಾನು ಮರುದಿನವೇ ಮನೆಯ ಬಾಗಿಲಿಗೆ ಬರುವುದು ಈಗ ಪಟ್ಟಣಗಳಲ್ಲಿ ನಿತ್ಯದ ಸಂಗತಿಯಾಗಿದೆ. ಈ ಅನುಕೂಲತೆಯನ್ನು ನಾವು ಹಳಿಯುವುದಿಲ್ಲ. ಆದರೆ ಆ ಸಂಜೆಗೂ ಮರುದಿನಕ್ಕೂ ನಡುವೆ ಒಂದು ಇರುಳಿರುವುದೆಂಬುದನ್ನೂ, ಅದನ್ನು ಅನೇಕರು ನಿಂತ ಕಾಲಿನಲ್ಲಿಯೇ ಕಳೆಯುವರೆಂಬುದನ್ನೂ ವಾಚಕ ಮಹಾಶಯರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಬೆಂಗಳೂರಿನ ಸುತ್ತಣ ಹೊಸಕೋಟೆ, ನೆಲಮಂಗಲ, ಮಾಲೂರುಗಳ ಕಡೆ ದೊಡ್ಡ ದೊಡ್ಡ ಗೋದಾಮುಗಳೆದ್ದಿವೆ. ಇಂಥ ಗೋದಾಮುಗಳಲ್ಲಿ ಲಾರಿಯಿಂದಿಳಿದ ಪಾರ್ಸೆಲುಗಳನ್ನು ಒಂದೊಂದಾಗಿ ಎತ್ತಿ, ಚೀಟಿಯನ್ನು ಸ್ಕ್ಯಾನರಿಗೆ ತೋರಿಸಿ, ಊರಿಗನುಸಾರವಾಗಿ ಚೀಲಗಳಿಗೆ ಹಾಕಬೇಕು. ಪಿನ್‌ಕೋಡು 560 ಎಂದು ಮೊದಲಾದರೆ ಬೆಂಗಳೂರು. 570 ಆದರೆ ಮೈಸೂರು. 580 ಆದರೆ ಧಾರವಾಡದ ಕಡೆ. ಬೆಳಗಿನ ಲಾರಿ ಹೊರಡುವುದರೊಳಗೆ ರಾಶಿಯೆಲ್ಲ ಕರಗಬೇಕು. ಈ ಕೆಲಸಗಾರರಲ್ಲಿ ಬಹುಮಂದಿ ಗುತ್ತಿಗೆದಾರರ ಮೂಲಕ ಬಂದ ತರುಣರು. ಹಬ್ಬದ ಕಾಲಕ್ಕೆ ಬೇಕಾಗಿ, ಹಬ್ಬ ತೀರಿದೊಡನೆ ಬೇಡವಾಗುವವರೂ ಇದ್ದಾರೆ.

ಇರುಳಿನ ವಿಂಗಡಣೆ ನಮ್ಮ ದೇಶಕ್ಕೆ ಹೊಸದಲ್ಲ. 1863ರಲ್ಲಿ ಅಲಹಾಬಾದು ಕಾನ್ಪುರಗಳ ನಡುವೆ ಓಡುವ ರೈಲಿನಲ್ಲಿಯೇ ಟಪಾಲನ್ನು ವಿಂಗಡಿಸುವ ಪದ್ಧತಿ ಮೊದಲಾಯಿತು. ಮುಂದೆ ರೈಲ್ವೆ ಟಪಾಲು ಸೇವೆಯವರು ಎಷ್ಟೋ ರಾತ್ರಿಗಳನ್ನು ಗಾಡಿಯಲ್ಲಿಯೇ ಕಳೆದರು. ಅವರ ಶ್ರಮವೂ ಕಡಿಮೆಯದಲ್ಲ. ಆದರೆ ಸರಕಾರದ ಕಾಯಂ ನೌಕರನಾದವನಿಗೆ ರಜೆಯೂ ಪಿಂಚಣಿಯೂ ಇದ್ದವು. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡು, ಒಂದೇ ಹೆಸರಿನ ಊರುಗಳ ಗೊಂದಲವನ್ನು ತಪ್ಪಿಸಿ ವಿಂಗಡಿಸುವವನ ಭಾರವನ್ನಿಳಿಸಿತು. ಇಂದು ಆ ಅಂಕಿಗಳನ್ನೋದುವ ಯಂತ್ರವೇ ಅವನ ಕೈ ಗಂಟೆಗೆಷ್ಟು ಸಲ ಆಡಿತೆಂಬುದನ್ನೂ ಲೆಕ್ಕವಿಡಬಲ್ಲದು.

ಹಗಲು ಮಲಗಿದರೆ ಸರಿಹೋಯಿತಲ್ಲವೇ ಎಂದು ಕೆಲವರು ಕೇಳಬಹುದು. ಸರಿಹೋಗುವುದಿಲ್ಲವೆಂದು ವಿಜ್ಞಾನವು ಹೇಳುತ್ತಿದೆ. ಬೆಳಕು ಕತ್ತಲೆಗಳಿಗೆ ಹೊಂದಿಕೊಂಡು ನಡೆಯುವ ಗಡಿಯಾರವೊಂದು ದೇಹದೊಳಗೇ ಇದೆ. ಅದರ ಮರ್ಮವನ್ನು ಬಿಡಿಸಿದ ಹಾಲ್, ರೋಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇರುಳ ಪಾಳಿಯ ಕೆಲಸವು ಅರ್ಬುದರೋಗಕ್ಕೆ ಪ್ರಾಯಶಃ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 2007ರಲ್ಲಿ ಹೇಳಿ, 2019ರಲ್ಲಿ ಅದನ್ನೇ ಪುನಃ ಸ್ಥಿರಪಡಿಸಿತು. ಇಷ್ಟು ತಿಳಿದ ಮೇಲೂ ಸುಮ್ಮನಿರುವುದು ನ್ಯಾಯವಲ್ಲ.

ಇರುಳ ದುಡಿಮೆಗಾರರಿಗೆ ಉಚಿತ ವೈದ್ಯಪರೀಕ್ಷೆಯ ಹಕ್ಕನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1990ರ ಒಡಂಬಡಿಕೆಯು ವಿಧಿಸಿದೆ. ನಮ್ಮಲ್ಲಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸುರಕ್ಷತೆಯ ಸಂಹಿತೆಯು ವರ್ಷಕ್ಕೊಮ್ಮೆ ಉಚಿತ ಪರೀಕ್ಷೆಯನ್ನು ಹೇಳಿ, ಅದು ಯಾವ ವಯಸ್ಸಿನ, ಯಾವ ವರ್ಗದ ನೌಕರರಿಗೆ ಸಲ್ಲಬೇಕೆಂಬುದನ್ನು ನಿಯಮಗಳಿಗೆ ಬಿಟ್ಟಿದೆ. ವಯಸ್ಸನ್ನೇ ನೋಡುತ್ತ ಕುಳಿತರೆ ಗೋದಾಮಿನ ತರುಣನು ಹೊರಗುಳಿಯುವನು. ವಯಸ್ಸೆಷ್ಟೇ ಇರಲಿ, ಗುತ್ತಿಗೆಯವನಾಗಲಿ ಕಾಯಮಿನವನಾಗಲಿ, ಇರುಳ ಪಾಳಿಯವರೆಲ್ಲರನ್ನೂ ಆ ವರ್ಗದಲ್ಲಿ ಸೇರಿಸಬೇಕೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ. ಮಾಲಿಕರಾದರೂ ನಡುರಾತ್ರಿಯ ವಿಶ್ರಾಂತಿಯನ್ನೂ, ಬೆಳಗಾದ ಮೇಲೆ ಮನೆ ಸೇರಲು ವಾಹನವನ್ನೂ ಒದಗಿಸಲಿ.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ಮನೆಗೆ ತರಿಸುವ ವಸ್ತುಗಳೆಲ್ಲವೂ ನಾಳೆಯೇ ಬೇಕಾದ ಔಷಧಿಗಳಲ್ಲ. ಎರಡು ದಿನ ತಡೆಯಬಹುದಾದುದಕ್ಕೆ ಎರಡು ದಿನ ತಡೆಯೋಣ. ಕೊಳ್ಳುವವರ ಆತುರ ತಗ್ಗದೆ ಮಾರುವವರ ಆತುರ ತಗ್ಗದು.