ಹಳೆಯ ಗಿಟಾರ್ ಯಂತ್ರಕ್ಕೆ ಹೊಸ ಮುಖಫಲಕ

ವಿದ್ಯುತ್ ಗಿಟಾರಿನ ತಂತಿಯನ್ನು ಮೀಟಿದರೆ ತಾನಾಗಿ ಹೊರಡುವ ನಾದವು ಬಹಳ ಕ್ಷೀಣವಾದುದು. ಅದನ್ನು ಸಭಾಂಗಣವೆಲ್ಲ ತುಂಬುವಂತೆ ಮಾಡುವುದು ಆಂಪ್ಲಿಫೈಯರ್ ಎಂಬ ಧ್ವನಿವರ್ಧಕ ಯಂತ್ರ. ಸ್ವರದ ಮಂದ್ರ, ಮಧ್ಯ, ತಾರಗಳನ್ನು ವಾದಕನು ಹೆಚ್ಚು ಕಡಮೆ ಮಾಡಿಕೊಳ್ಳುವ ತಿರುಗುಗುಂಡಿಗಳು ಅದರ ಫಲಕವೊಂದರ ಮೇಲೆ ಸಾಲಾಗಿ ನಿಂತಿರುವುವು. ಯಾವ ಗುಂಡಿ ಯಾತಕ್ಕೆಂಬುದನ್ನು ತಿಳಿಸುವ ಅಕ್ಷರಗಳಿರುವುದೂ ಆ ಫಲಕದ ಮೇಲೆಯೇ. ಅರ್ಧ ಶತಮಾನಕ್ಕೂ ಹಿಂದಿನ ಇಂಥ ಯಂತ್ರಗಳನ್ನು ಇಂದಿಗೂ ಬಳಸುವ ವಾದಕರು ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಅನೇಕರುಂಟು. ಒಳಗಿನ ವಾಲ್ವು ಸುಟ್ಟರೆ ಬೇರೊಂದನ್ನು ಸಿಕ್ಕಿಸಬಹುದು. ಮುಖವೇ ಅಳಿದುಹೋದರೆ ಅದರ ಪ್ರತಿರೂಪವನ್ನು ಮಾಡಿಯೇ ತೀರಬೇಕು. ಈ ಕಿರುಕಸುಬು ನೋಡಲು ಸುಲಭ, ಮಾಡಹೊರಟರೆ ಹಾಗಲ್ಲ.

ಜಿಮ್ ಮಾರ್ಷಲ್ ಎಂಬಾತನು 1960ರಲ್ಲಿ ಲಂಡನಿನ ಹ್ಯಾನ್‌ವೆಲ್ ಎಂಬಲ್ಲಿ ವಾದ್ಯಗಳ ಅಂಗಡಿಯನ್ನು ತೆರೆದನು. ಅಮೆರಿಕದ ಫೆಂಡರ್ ಕಂಪೆನಿಯ ಬಾಸ್‌ಮನ್ ಎಂಬ ಯಂತ್ರವು ಅಲ್ಲಿ ಬಲು ದುಬಾರಿಯಾಗಿದ್ದುದರಿಂದ, ಅದನ್ನೇ ಮಾದರಿಯಾಗಿಟ್ಟುಕೊಂಡು 1962ರಲ್ಲಿ ತನ್ನ ಸಂಗಡಿಗರಿಂದ ಸ್ವಂತ ಯಂತ್ರವೊಂದನ್ನು ಮಾಡಿಸಿದನು. ಇಂದು ಮೂಲವಸ್ತುವೆಂದು ಜನರು ಪೂಜಿಸುವ ಮಾರ್ಷಲ್ ಯಂತ್ರವೂ ಹುಟ್ಟಿದಾಗ ಒಂದು ಬಗೆಯ ಪ್ರತಿಕೃತಿಯೇ ಎಂಬುದು ಸೋಜಿಗವಲ್ಲವೆ! 1960ರ ದಶಕದ ನಡುಭಾಗದಿಂದ 1969ರವರೆಗೆ ಈ ಯಂತ್ರಗಳ ಮುಖಕ್ಕೆ ಪ್ಲೆಕ್ಸಿಗ್ಲಾಸ್ ಎಂಬ ಅಕ್ರಿಲಿಕ್ ಹಾಳೆಯನ್ನು ಹಿಂಬದಿಗೆ ಚಿನ್ನದ ಬಣ್ಣ ಬಳಿದು ಕೂರಿಸುತ್ತಿದ್ದರು. ಆಮೇಲೆ ಅಲ್ಯುಮಿನಿಯಮ್ ಫಲಕವು ಬಂದಿತು. ಆ ಕೆಲವೇ ವರ್ಷಗಳ ಯಂತ್ರಗಳಿಗೆ ವಾದಕರ ಬಾಯಲ್ಲಿ 'ಪ್ಲೆಕ್ಸಿ' ಎಂದೇ ಹೆಸರು ನಿಂತಿದೆ. ನಾದಕ್ಕೂ ಫಲಕಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಯಂತ್ರವು ಹೆಸರು ಪಡೆದದ್ದು ಫಲಕದಿಂದ.

ಈ ಫಲಕವು ಕೆಡುವುದು ಹಲವು ಬಗೆಯಲ್ಲಿ. ಗುಂಡಿಯ ಕೆಳಗಿನ ನಟ್ಟನ್ನು ಅತಿಯಾಗಿ ಬಿಗಿದರೆ ರಂಧ್ರದ ಸುತ್ತ ಬಿರುಕು ಬಿಡುತ್ತದೆ. ಹಿಂಬದಿಯ ಬಣ್ಣವು ಸಿಪ್ಪೆಯಂತೆ ಏಳುತ್ತದೆ. ಅದೆಲ್ಲಕ್ಕಿಂತ ಕೆಟ್ಟದ್ದು, ಯಂತ್ರವು ಇನ್ನೂ ಅಗ್ಗವಾಗಿದ್ದ ಕಾಲದಲ್ಲಿ ಯಾರೋ ಮತ್ತೊಂದು ಗುಂಡಿ ಬೇಕೆಂದು ನಡುಮುಖಕ್ಕೆ ಕೊರೆದ ತೂತು. ಇದಾವುದೂ ಇಲ್ಲದೆ ಕೇವಲ ಬಣ್ಣ ಮಾಸಿ ಅಕ್ಷರಗಳು ಓದಬರುವಂತಿದ್ದರೆ, ಹಳೆಯದನ್ನು ಮುಟ್ಟದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಫಲಕವನ್ನು ಬಿಚ್ಚುವ ಕೆಲಸವನ್ನು ಮನೆಯಲ್ಲಿ ಯಾರೂ ಕೈಗೊಳ್ಳಬಾರದು. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೂ ಇಂಥ ಯಂತ್ರದ ಕೆಪಾಸಿಟರುಗಳಲ್ಲಿ 400 ವೋಲ್ಟು, ಕೆಲವೊಮ್ಮೆ ಅದಕ್ಕೂ ಮೀರಿದ ವಿದ್ಯುತ್ತು ಅಡಗಿ ಉಳಿದಿರುವುದುಂಟು, ಅದು ಪ್ರಾಣಾಪಾಯಕರ. ಬಲ್ಲ ಕುಶಲಿಯು ಅದನ್ನು ಇಳಿಸಿ, ಫಲಕವನ್ನು ಬಿಡಿಸಿ ಕೊಟ್ಟ ಮೇಲೆಯೇ ನಕಲಿನ ಕೆಲಸವು ಮೊದಲಾಗತಕ್ಕದ್ದು.

ಮೊದಲನೆಯದು ಅಳತೆ. ಭಾವಚಿತ್ರ ಹಿಡಿದು ಅದರಿಂದ ಅಳೆದರೆ ಕೆಟ್ಟಿತು. ಕ್ಯಾಮೆರವು ತುಸು ಓರೆಯಾದರೂ ಸಾಲು ವಾಲುತ್ತದೆ. ಫಲಕವನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿ, ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆದು, ಪ್ರತಿಯೊಂದು ರಂಧ್ರವನ್ನೂ ವರ್ನಿಯರಿನಿಂದ ಮತ್ತೆ ಅಳೆಯಬೇಕು. ಸಾಮಾನ್ಯವಾದ ಪ್ಲೆಕ್ಸಿಯೊಂದರಲ್ಲಿ ಆರು ಗುಂಡಿ, ನಾಲ್ಕು ತಂತಿ ಸಿಕ್ಕಿಸುವ ಕಂಡಿ, ಎರಡು ಸ್ವಿಚ್ಚು, ಒಂದು ಪುಟ್ಟ ದೀಪ, ಹೀಗೆ 13 ರಂಧ್ರಗಳು. ಮೂಲ ಅಳತೆಗಳು ಅಂಗುಲದವು. ಗುಂಡಿಯ ಕಂಠಕ್ಕೆ ಬೇಕಾದ 3/8 ಅಂಗುಲವೆಂದರೆ 9.525 ಮಿಲಿಮೀಟರ್. ಒಂದೊಂದು ಅಂತರದಲ್ಲಿಯೂ ಅರ್ಧ ಮಿಲಿಮೀಟರ್ ತಪ್ಪಿದರೆ ಆರು ಅಂತರಗಳಾಗುವಷ್ಟರಲ್ಲಿ 3 ಮಿಲಿಮೀಟರ್ ತಪ್ಪಿ, ಗುಂಡಿಯ ಕಡ್ಡಿಯು ತೂತಿನ ಅಂಚಿಗೆ ತಗಲುವುದು. ಆದುದರಿಂದ ರಂಧ್ರದಿಂದ ರಂಧ್ರಕ್ಕೆ ಅಳೆಯದೆ, ಎಲ್ಲವನ್ನೂ ಒಂದೇ ಅಂಚಿನಿಂದ ಅಳೆಯುವುದು ವಾಡಿಕೆ. ಹಾಳೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಮೂಲಕ್ಕಿಂತ ದಪ್ಪವಾದರೆ ನಟ್ಟಿಗೆ ಮರೆಯು ಸಿಕ್ಕದು.

ಎರಡನೆಯದು ಅಕ್ಷರ. ಗಣಕಯಂತ್ರದಲ್ಲಿ ಸಿದ್ಧವಾಗಿರುವ ಅಚ್ಚಿನ ಮೊಳೆಗಳಲ್ಲಿ ಹೋಲುವುದೊಂದನ್ನು ಆರಿಸಿದರೆ ಸಾಕೆಂದು ಹೊಸಬರು ತಿಳಿಯುತ್ತಾರೆ. ದೂರದಿಂದ ಸರಿಯಾಗಿಯೇ ಕಾಣುವುದು. ಬಳಿ ಸಾರಿದರೆ ಒಂದು ಅಕ್ಷರದ ಹೊಟ್ಟೆ ಉಬ್ಬಿರುತ್ತದೆ, ಇನ್ನೊಂದರ ಕಾಲು ಗಿಡ್ಡವಾಗಿರುತ್ತದೆ. ನುರಿತವರು ಸ್ಕ್ಯಾನರಿನ ಚಿತ್ರವನ್ನು ಅಡಿಗಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಗೆರೆಗೆರೆಯಾಗಿ ಬಿಡಿಸುತ್ತಾರೆ. ಮೂಲದಲ್ಲಿದ್ದ ಓರೆಕೋರೆಯನ್ನೂ ತಿದ್ದದೆ ಹಾಗೆಯೇ ಬಿಡುತ್ತಾರೆ. ಸಂಜೆಗಳು ಕಳೆದುಹೋಗುವುದು ಈ ಕೆಲಸದಲ್ಲಿಯೇ.

ಅಚ್ಚಿನ ಕ್ರಮವು ಮೈಸೂರು ತಂಜಾವೂರುಗಳ ಗಾಜಿನ ಮೇಲಣ ಚಿತ್ರಗಳನ್ನು ಕಂಡವರಿಗೆ ಒಡನೆಯೇ ತಿಳಿಯುವುದು. ಅಲ್ಲಿ ಚಿತ್ರಗಾರನು ಗಾಜಿನ ಹಿಂಬದಿಯಲ್ಲಿ ಮೊದಲು ಕಣ್ಣು, ಮೂಗು, ಒಡವೆಗಳನ್ನು ಬರೆದು, ಕಟ್ಟಕಡೆಗೆ ಹಿನ್ನೆಲೆಯನ್ನು ತುಂಬುವನು. ಇಲ್ಲಿಯೂ ಹಾಗೆಯೇ: ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ, ಹಾಳೆಯ ಹಿಂಬದಿಗೆ ಮೊದಲು ಕಪ್ಪನ್ನು ಒತ್ತಿ, ಅದು ಚೆನ್ನಾಗಿ ಒಣಗಿದ ಮೇಲೆ ಚಿನ್ನದ ಬಣ್ಣವನ್ನು ಮೇಲೆ ಹಾಯಿಸುವುದು. ಲಗ್ನಪತ್ರಿಕೆಗಳನ್ನು ಅಚ್ಚು ಮಾಡುವ ಸ್ಕ್ರೀನ್ ಪ್ರಿಂಟಿಂಗ್ ಇದಕ್ಕೆ ಸಾಕು. ಅಕ್ರಿಲಿಕ್ಕನ್ನು ಕೊರೆಯುವಾಗ ಅಡಿಗೆ ಮರದ ಹಲಗೆ ಇರಬೇಕು; ಇಲ್ಲವಾದರೆ ಬೈರಿಗೆ ಹೊರಬರುವ ಕ್ಷಣದಲ್ಲಿ ಹಾಳೆ ಚಕ್ಕೆ ಹಾರುವುದು. ಲೇಸರ್ ಕಿರಣದಿಂದ ಕತ್ತರಿಸಿದ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಕೂದಲೆಳೆಯ ಬಿರುಕುಗಳು ಹಬ್ಬುವ ಭಯವುಂಟು. ಸೋಪಿನ ನೀರೇ ಉತ್ತಮ.

ಎಲ್ಲ ಯಂತ್ರಗಳಿಗೂ ಈ ರೀತಿ ನಡೆಯದು. 1950ರ ದಶಕದ ಫೆಂಡರ್ ಯಂತ್ರಗಳಲ್ಲಿ ಬೇರೆ ಫಲಕವೇ ಇಲ್ಲ. ಕ್ರೋಮಿಯಂ ಲೇಪದ ಉಕ್ಕಿನ ಚೌಕಟ್ಟಿನ ಮೇಲೆಯೇ ಅಕ್ಷರಗಳನ್ನೊತ್ತಿ, ಒಂದರಿಂದ ಹನ್ನೆರಡರವರೆಗೆ ಅಂಕಿಗಳನ್ನಿಟ್ಟಿದ್ದಾರೆ. ನುಣುಪಾದ ಕ್ರೋಮಿಯಂ ಮಸಿಯನ್ನು ಹಿಡಿಯಲೊಲ್ಲದು. ಅಲ್ಲಿ ಮುಖ ಕೆಟ್ಟರೆ ಇಡೀ ಚೌಕಟ್ಟಿಗೇ ಮರುಲೇಪ ಮಾಡಿಸಬೇಕು.

ಬಣ್ಣದ ವಿಷಯದಲ್ಲಿ ಪ್ರಾಮಾಣಿಕತೆಯ ಪ್ರಶ್ನೆಯೂ ಬೆರೆತಿದೆ. ಗುಂಡಿಯ ಅಡಿಯಲ್ಲಿ ಬಿಸಿಲು ಕಾಣದೆ ಉಳಿದ ಭಾಗವು ಮೊದಲ ದಿನದ ಬಣ್ಣವನ್ನು ತೋರಿಸುತ್ತದೆ. ಅದಕ್ಕೆ ಸರಿಹೊಂದಿಸುವವರು ಕೆಲವರು. ಹೊಸದನ್ನೇ ಉಜ್ಜಿ ಮಾಸಿಸಿ ಮುಪ್ಪು ಬರಿಸುವವರು ಕೆಲವರು. ಎರಡನೆಯದು ನಮಗೆ ಒಪ್ಪಿಗೆಯಲ್ಲ, ಏಕೆಂದರೆ ಈ ಫಲಕಗಳ ಅಕ್ಷರಗಳು ಯಂತ್ರದ ಜಾತಕವೂ ಆಗಿವೆ. ಫೆಂಡರ್ ಕಂಪೆನಿಯನ್ನು 1965ರ ಜನವರಿಯಲ್ಲಿ ಸಿ.ಬಿ.ಎಸ್. ಸಂಸ್ಥೆಯು ಕೊಂಡಿತು. ಅದಕ್ಕೆ ಹಿಂದಿನ ಕಪ್ಪು ಫಲಕಗಳಲ್ಲಿ ಕಂಪೆನಿಯ ಹೆಸರು 'ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್' ಎಂಬುದರ ಸಂಕ್ಷೇಪವಾಗಿಯೂ, ತರುವಾಯದವುಗಳಲ್ಲಿ 'ಫೆಂಡರ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್' ಎಂದೂ ಇರುವುದು. ಕೊಳ್ಳುವವರು ಮೊದಲಿನದಕ್ಕೆ ಹೆಚ್ಚು ಹಣ ತೆರುತ್ತಾರೆ. ತರುವಾಯದ ಯಂತ್ರಕ್ಕೆ ಮೊದಲಿನ ಹೆಸರಿನ ಫಲಕವನ್ನು ಹೊಂದಿಸಿ ಮಾರಿದರೆ ಅದು ದುರಸ್ತಿಯೆನಿಸದು, ಮೋಸವೆನಿಸುವುದು. ಯೋಗ್ಯನಾದ ಕುಶಲಿಯು ಪ್ರತಿರೂಪದ ಬೆನ್ನಿಗೆ, ಯಂತ್ರವನ್ನು ಬಿಚ್ಚಿದವರಿಗೆ ಕಾಣುವ ಕಡೆ, ಅದನ್ನು ಮಾಡಿದ ವರ್ಷವನ್ನು ಅಳಿಸಲಾಗದಂತೆ ಕೆತ್ತುವನು.

ಕೂರಿಸುವಾಗ ನಟ್ಟನ್ನು ಬೆರಳಿನಿಂದ ತಿರುಗಿಸಿ, ಆಮೇಲೆ ಹಿಡಿಕೆಯಿಂದ ಸ್ವಲ್ಪವೇ ಬಿಗಿದರೆ ಸಾಕು. ಬಿಚ್ಚಿದ ಹಳೆಯ ಫಲಕವನ್ನು ಎಸೆಯದೆ, ಬಣ್ಣ ಏಳದಂತೆ ಮೃದುವಾದ ಕಾಗದದಲ್ಲಿ ಸುತ್ತಿ, ಬಿಸಿಯಿಲ್ಲದೆಡೆ ಮಟ್ಟಸವಾಗಿ ಮಲಗಿಸಿಡತಕ್ಕದ್ದು. ಯಂತ್ರವು ಕೈ ಬದಲಾಯಿಸಿದ ದಿನ ಅದೂ ಜೊತೆಯಲ್ಲಿಯೇ ಹೋಗಬೇಕು.